ಮೂರು ಕ್ಯಾಮೆರಾ, ಒಂದು ಮುಚ್ಚಳ

ಮೂರು ಕ್ಯಾಮೆರಾಗಳನ್ನು ಮಂಚದ ಮೇಲೆ ಸಾಲಾಗಿ ಇಟ್ಟುಕೊಂಡು ಕೂತಿದ್ದೆ. ಹತ್ತು ಗಂಟೆಯ ಬಸ್ಸಿಗೆ ಕುಬಿಹಾಳಕ್ಕೆ ಹೋಗಬೇಕಿತ್ತು, ಅಕ್ಕನ ಫೋಟೋ ತೆಗೆಯಲು. ಯಾವ ಕ್ಯಾಮೆರಾ ಒಯ್ಯಬೇಕೆಂಬುದು ಮಾತ್ರ ಎದ್ದಾಗಿನಿಂದ ಬಗೆಹರಿದಿರಲಿಲ್ಲ. ಕುಂದಗೋಳದ ಪೇಟೆಯಲ್ಲಿ ಮೂವತ್ತೆಂಟು ವರ್ಷ ಸ್ಟುಡಿಯೋ ನಡೆಸಿದವನು ನಾನು. ಮದುವೆ, ಕುಬಸ, ತೊಟ್ಟಿಲು, ಹೆಣ, ಶಾಲೆಯ ಗುಂಪು, ಅರ್ಜಿಗೆ ಅಂಟಿಸುವ ಸಣ್ಣ ಫೋಟೋ, ಎಲ್ಲ ತೆಗೆದು ಬೆರಳು ಸವೆದಿದೆ. ಅಂಥವನು ಒಬ್ಬ ಮುದುಕಿಯ ಒಂದೇ ಒಂದು ಫೋಟೋಕ್ಕೆ ಇಷ್ಟು ತಲೆ ಕೆಡಿಸಿಕೊಂಡು ಕೂತದ್ದನ್ನು ನೋಡಿ ನನ್ನ ಹೆಂಡತಿಗೆ ನಗು ತಡೆಯಲಾಗಲಿಲ್ಲ.

"ಏನ್ರಿ, ಕನ್ಯಾ ನೋಡಾಕ ಹೊಂಟೀರೇನು? ಯಾವ್ದರ ಒಂದ ಹಿಡಕೊಂಡ ನಡೀರಿ. ಬಸ್ಸೇನ ನಿಮ್ಮ ಸಲುವಾಗಿ ನಿಂದ್ರೂದಿಲ್ಲ," ಎಂದಳು.

ಅವಳಿಗೇನು ಗೊತ್ತು? ಹೇಳಿದ್ದರೆ ತಾನೆ ಗೊತ್ತಾಗುವುದು! ಈ ಕ್ಯಾಮೆರಾಗಳ ವಿಷಯದಲ್ಲಿ ನಾನು ಯಾರಿಗೂ ಹೇಳದೆ ಉಳಿಸಿಕೊಂಡ ಮಾತೊಂದಿತ್ತು. ಮೂವತ್ತು ವರ್ಷದಿಂದ ಗಂಟಲಲ್ಲೇ ಕೂತಿತ್ತು, ನುಂಗಲೂ ಆಗಿರಲಿಲ್ಲ, ಉಗುಳಲೂ ಆಗಿರಲಿಲ್ಲ.

ಸ್ಟುಡಿಯೋ ಮುಚ್ಚಿ ಎರಡು ವರ್ಷವಾಗಿತ್ತು. ಯಾರೂ ಮುಚ್ಚಿಸಲಿಲ್ಲ, ನನಗೇ ಸಾಕಾಯಿತು. ಬಲಗಣ್ಣಿನ ನಟ್ಟನಡುವೆ ಒಂದು ಮಸುಕು ಬಂದು ಕೂತಿದೆ. ಇದು ಪೊರೆ ಅಲ್ಲ, ಕಣ್ಣಿನ ಹಿಂದಿನ ಪರದೆಯ ಕಾಯಿಲೆ, ಇದ್ದಷ್ಟು ಉಳಿಸಿಕೊಳ್ಳಿ ಎಂದು ಹುಬ್ಬಳ್ಳಿಯ ಡಾಕ್ಟರು ಹೇಳಿ ಕೈ ತೊಳೆದುಕೊಂಡರು. ಆ ಕಣ್ಣಿನಿಂದ ನೋಡಿದರೆ ಬಾಗಿಲ ಚೌಕಟ್ಟು ಸೊಟ್ಟ ಕಾಣುತ್ತದೆ, ಎದುರಿಗೆ ಕೂತವರ ಮೂಗಿನ ಜಾಗದಲ್ಲಿ ಹೊಗೆ ಕಾಣುತ್ತದೆ. ಜೀವಮಾನವೆಲ್ಲ ಬಲಗಣ್ಣಿಗೆ ಕ್ಯಾಮೆರಾ ಹಿಡಿದವನಿಗೆ ಆ ಕಣ್ಣೇ ಹೋದರೆ ಇನ್ನೇನು ಉಳಿಯಿತು? ಬೇಜಾರು ಒಂದು ಉಳಿಯಿತು. ಬೆಳಿಗ್ಗೆ ಎದ್ದರೆ ಬೇಜಾರು, ಉಂಡರೆ ಬೇಜಾರು, ಯಾರಾದರೂ ಮೊಬೈಲು ಮುಂದೆ ಹಿಡಿದು "ಕಾಕಾ, ಈ ಫೋಟೋ ಹೆಂಗೈತ್ರಿ?" ಎಂದರೆ ಇನ್ನೂ ಬೇಜಾರು.

ಅಂಥ ಹೊತ್ತಿನಲ್ಲಿ ಅಕ್ಕನ ಫೋನು ಬಂದಿತ್ತು. ನನಗಿಂತ ಹನ್ನೆರಡು ವರ್ಷ ದೊಡ್ಡವಳು, ಎಪ್ಪತ್ತಾರೋ ಎಪ್ಪತ್ತೇಳೋ ಆಗಿರಬೇಕು. ಅಪ್ಪ ನಾನು ತೊಟ್ಟಿಲಲ್ಲಿರುವಾಗಲೇ ಹೋದದ್ದರಿಂದ ಅವ್ವ ಹೊಲಕ್ಕೆ, ನಾನು ಅಕ್ಕನ ಸೊಂಟಕ್ಕೆ. ಅವಳ ಮಾತು ಯಾವಾಗಲೂ ಕಡ್ಡಿ ಮುರಿದ ಹಾಗೆ.

"ತಮ್ಮಾ, ಗ್ವಾಡಿಗೆ ಹಾಕೂ ಫೋಟೋ ಒಂದ ತಗದ ಹೋಗು. ಎದಿ ಡಾಕ್ಟರ ಮಾರಿ ನೋಡಿದ್ರ ನಂದೇನ ಭಾಳ ದಿನ ಇಲ್ಲ ಅನಸತೈತಿ. ಸತ್ತ ಮ್ಯಾಲೆ ಕ್ಯಾಮೆರಾ ಹೊತ್ಕೊಂಡ ಬರಬ್ಯಾಡ, ಈಗ ಬಾ."

"ಏನ ಮಾತಂತ ಆಡತಿ ಬೇ ಅಕ್ಕಾ," ಎಂದೆ.

"ಖರೇನ ಆಡಾಕತ್ತೀನಿ. ಅವ್ವಗ ನನ್ನ ಕಣ್ಣ ಬರದ ಇಟ್ಟಿ. ನನಗ ಯಾರ ಕಣ್ಣ ಬರದ ಇಡತಿ?"

ಅದು ಅವಳಿಗೆ ಗೊತ್ತಿದೆಯೆಂದು ನನಗೆ ಗೊತ್ತಿರಲಿಲ್ಲ. ಅವಳ ಮನೆಯ ಪಡಸಾಲೆಯ ಗೋಡೆಯ ಮೇಲೆ ಅವ್ವನ ಫೋಟೋ ಇದೆ. ಆ ಫೋಟೋದಲ್ಲಿ ಅವ್ವನ ಕಣ್ಣಿಲ್ಲ, ಅಕ್ಕನ ಕಣ್ಣಿವೆ. ಬರೆದವನು ನಾನೇ. ಅದು ಯಾಕೆ ಹಾಗಾಯಿತೆಂದು ಹೇಳಬೇಕೆಂದರೆ ಮಂಚದ ಮೇಲಿದ್ದ ಮೊದಲನೇ ಕ್ಯಾಮೆರಾದಿಂದ ಶುರು ಮಾಡಬೇಕು.

ಅದು ಮಾಮಾನದು, ಅಂದರೆ ಅವ್ವನ ತಮ್ಮನದು. ಈ ವಿದ್ಯೆ ಕಲಿಸಿದವನೂ ಅವನೇ, ಸಾಯುವಾಗ ಕ್ಯಾಮೆರಾ ನನ್ನ ಕೈಗಿಟ್ಟವನೂ ಅವನೇ. ಅಂಥದಕ್ಕೆ ರೇಂಜ್‌ಫೈಂಡರ್ ಅನ್ನುತ್ತಾರೆ. ಅಂಗೈ ತುಂಬುವಷ್ಟು ದಪ್ಪ, ತಣ್ಣಗಿನ ಲೋಹ. ಅದರಲ್ಲಿ ನಾವು ನೋಡುವುದು ಲೆನ್ಸಿನ ಮೂಲಕ ಅಲ್ಲ, ಮೂಲೆಯಲ್ಲಿರುವ ಬೇರೆಯೇ ಒಂದು ಪುಟ್ಟ ಕಿಂಡಿಯ ಮೂಲಕ. ಆ ಕಿಂಡಿಯ ನಡುವೆ ಎಲ್ಲವೂ ಎರಡೆರಡು ಕಾಣುತ್ತದೆ, ಲೆನ್ಸಿನ ಬಳೆ ತಿರುಗಿಸುತ್ತ ಹೋದರೆ ಎರಡೂ ಜರುಗಿ ಒಂದಾಗುತ್ತವೆ. ಎರಡು ಮೂಗು ಒಂದಾಯಿತೋ, ಗುಂಡಿ ಒತ್ತಬೇಕು. ಒತ್ತಿದರೆ ಸದ್ದೂ ಇಲ್ಲ, ಹಲ್ಲಿ ಲೊಚಗುಟ್ಟಿದಷ್ಟು. ಫೋಟೋ ಬಿದ್ದ ಆ ಗಳಿಗೆಯಲ್ಲೂ ಎದುರಿನವರ ಮುಖ ಕಿಂಡಿಯಲ್ಲಿ ಬೆಳ್ಳಗೆ ಕಾಣುತ್ತಲೇ ಇರುತ್ತದೆ. ಈ ಸುಖ ಬೇರೆ ಯಾವ ಕ್ಯಾಮೆರಾದಲ್ಲೂ ಇಲ್ಲ.

ಮಾಮಾ ಅದನ್ನು ಒರೆಸುತ್ತ ಒಮ್ಮೆ ಹೇಳಿದ್ದ: "ಇದು ಭಾಳ ಸಂಭಾವಿತ ಐತಿ ಅಳಿಯಾ. ನೀ ಏನ ತಪ್ಪ ಮಾಡಿದ್ರೂ ಬಾಯಿ ಬಿಡೂದಿಲ್ಲ. ಅದಕ್ಕ ನೀನ ನೋಡಕೋಬೇಕು."

ಆ ವಯಸ್ಸಿನಲ್ಲಿ ಹಿರಿಯರ ಮಾತು ಯಾರ ತಲೆಗೆ ಹೋಗುತ್ತದೆ! ಈ ಕಿವಿಯಲ್ಲಿ ಕೇಳಿ ಆ ಕಿವಿಯಲ್ಲಿ ಬಿಟ್ಟೆ.

ಅವ್ವ ಫೋಟೋಕ್ಕೆ ಕೂತವಳೇ ಅಲ್ಲ. ಫೋಟೋ ತೆಗೆಸಿದರೆ ಆಯುಷ್ಯ ಕಡಿಮೆಯಾಗುತ್ತದೆಂದು ಆಗ ಎಷ್ಟೋ ಜನ ನಂಬಿದ್ದರು. ಅವ್ವ ಬರೀ ನಂಬುವುದಲ್ಲ, ಕ್ಯಾಮೆರಾ ಕಂಡರೆ ಸೆರಗು ಮುಖಕ್ಕೆ ಎಳೆದುಕೊಂಡು ಒಳಗೇ ಹೋಗುತ್ತಿದ್ದಳು. ಮಗನೇ ಫೋಟೋದವನಾದರೂ ಅವಳ ಹಟ ಅವಳದು. ಮನೆಗೆ ಮಾರಿ, ಊರಿಗೆ ಉಪಕಾರಿ ಎಂಬಂತೆ, ತಾಲೂಕಿನ ಮುದುಕಿಯರನ್ನೆಲ್ಲ ಕೂಡಿಸಿ ತೆಗೆದವನ ಹತ್ತಿರ ಹೆತ್ತವಳದೇ ಒಂದು ಫೋಟೋ ಇರಲಿಲ್ಲ. ಹೀಗೇ ಇರಲಿ, ಇನ್ನೂ ವೇಳೆ ಇದೆ ಎಂದು ನಾನೂ ಸುಮ್ಮನಿದ್ದೆ.

ಅಕ್ಕನನ್ನು ಊರಲ್ಲೇ ಕೊಟ್ಟಿದ್ದರಿಂದ ಅವ್ವ ಕಡೆಯ ದಿನಗಳಲ್ಲಿ ಅಕ್ಕನ ಮನೆಯಲ್ಲೇ ಇದ್ದಳು. ಮೂವತ್ತು ವರ್ಷದ ಹಿಂದಿನ ಮಾತು. ಚಳಿ ಇಳಿಯುತ್ತಿತ್ತು. ಅಕ್ಕನ ಹೊಲದ ಕಣದಲ್ಲಿ ಮೆಣಸಿನಕಾಯಿ ಹರವಿದ್ದರು, ಬ್ಯಾಡಗಿ ತಳಿ, ಕಣ್ಣು ಹೋದಷ್ಟು ದೂರ ಕೆಂಪು. ನಾನು ಬೇರೆ ಕೆಲಸದ ಮೇಲೆ ಊರಿಗೆ ಹೋದವನು ಹೊಲಕ್ಕೂ ಹೋದೆ. ಅವ್ವ ಕಣದ ಬದಿಗೆ ಕೂತು ತೊಟ್ಟು ಮುರಿಯುತ್ತಿದ್ದಳು. ನನ್ನ ಕೊರಳಲ್ಲಿ ಕ್ಯಾಮೆರಾ ನೋಡಿ ಎಂದಿನಂತೆ ಸೆರಗಿಗೆ ಕೈ ಹಾಕಿದಳು. ಅಕ್ಕ ಆ ಕೈ ಹಿಡಿದಳು.

"ಯಮಧರ್ಮ ಏನ ಫೋಟೋ ನೋಡ್ಕೊಂಡ ಬರತಾನೇನ ಬೇ ಅವ್ವಾ? ಅವನ ಹಂತ್ಯಾಕ ಬರದಿಟ್ಟ ಚೀಟಿ ಇರತೈತಿ. ಕುಂದ್ರು ಸುಮ್ನ. ನಿನ್ನ ಮಗಾ ಊರಾನ ಮಂದಿದೆಲ್ಲಾ ತಗೀತಾನ, ನಿಂದ ಒಂದ ಇಲ್ಲಂದ್ರ ಮಂದಿ ಏನಂದಾರು?"

"ಒಲ್ಲೇಳಬೇ, ಒಲ್ಲೆ," ಎಂದಳು ಅವ್ವ.

ಅಕ್ಕ ಬಿಡಲಿಲ್ಲ. ಹಿಂದಿನಿಂದ ಅವ್ವನ ಎರಡೂ ಭುಜ ಅದುಮಿ ಹಿಡಿದು, ಸೆರಗು ಸರಿ ಮಾಡಿ, ಕೆನ್ನೆಗೆ ಹತ್ತಿದ ಕೆಂಪು ಧೂಳು ಒರೆಸಿ ಕೂಡಿಸಿಬಿಟ್ಟಳು. ಅವ್ವ ಮೊದಲು ಬೈದಳು, ಆಮೇಲೆ ನಕ್ಕಳು. ನಕ್ಕಾಗ ಅವಳ ಕಣ್ಣು ಸಣ್ಣವಾಗುತ್ತಿದ್ದವು ಎಂದು ಈಗ ಹೇಳಬೇಕೆಂದರೆ ಅದೂ ಖಾತ್ರಿ ಇಲ್ಲ, ದೊಡ್ಡವಾಗುತ್ತಿದ್ದವೋ ಏನೋ. ಹನ್ನೆರಡು ಫೋಟೋ ತೆಗೆದೆ. ಮೆಣಸಿನಕಾಯಿ ಘಾಟಿಗೆ ನನ್ನ ಕಣ್ಣಲ್ಲಿ ಮೂಗಲ್ಲಿ ನೀರು ಸುರಿಯುತ್ತಿತ್ತು. ಆದರೂ ಕಿಂಡಿಯಲ್ಲಿ ಅವ್ವನ ಎರಡು ಮೂಗು ಒಂದಾಗುವುದನ್ನು ಹನ್ನೆರಡು ಸಲವೂ ನೋಡಿದೆ. ಅಷ್ಟು ಸಂತೋಷ ಯಾವ ಮದುವೆ ಮನೆಯ ಫೋಟೋದಲ್ಲೂ ನನಗೆ ಆಗಿರಲಿಲ್ಲ.

ಸಂಜೆ ಸ್ಟುಡಿಯೋದ ಕತ್ತಲೆ ಕೋಣೆಯಲ್ಲಿ ರೋಲು ತೊಳೆದೆ. ಎತ್ತಿ ಹಿಡಿದು ನೋಡಿದರೆ ಮೊದಲಿನ ಇಪ್ಪತ್ತು ಚಿತ್ರ ಸರಿಯಾಗಿದ್ದವು, ಯಾವುದೋ ಶಾಲೆಯ ಮಕ್ಕಳು. ಅಲ್ಲಿಂದ ಮುಂದೆ ಗಾಜಿನ ಹಾಗೆ ಬರಿದು. ಹನ್ನೆರಡು ಮನೆ ಖಾಲಿ. ಅಂಚಿನಲ್ಲಿ ಕಂಪನಿಯವರು ಅಚ್ಚು ಹಾಕಿದ ಅಂಕಿ ಮಾತ್ರ ಇದ್ದವು.

ಔಷಧ ಕೆಟ್ಟಿದ್ದರೆ ಮೊದಲಿನವೂ ಕೆಡಬೇಕಿತ್ತು. ಕ್ಯಾಮೆರಾ ತಂದು ನೋಡಿದೆ. ಲೆನ್ಸಿನ ಮೇಲೆ ಕಪ್ಪು ಮುಚ್ಚಳ ಕೂತಿತ್ತು.

ಅದನ್ನು ಹಾಕಿದವನು ನಾನೇ. ಹಿಂದಿನ ವರ್ಷ ಇಂಥದೇ ಕಣದಲ್ಲಿ ಮೆಣಸಿನಕಾಯಿ ಧೂಳು ಲೆನ್ಸಿಗೆ ಹತ್ತಿ, ಒರೆಸಲು ಹೋಗಿ ಗಾಜಿಗೆ ಗೀರು ಬಿದ್ದಿತ್ತು. ಅಂದಿನಿಂದ ಮೆಣಸಿನಕಾಯಿ ಹೊಲಕ್ಕೆ ಕಾಲಿಟ್ಟ ಕೂಡಲೇ ಮುಚ್ಚಳ ಹಾಕುವುದು ರೂಢಿಯಾಗಿತ್ತು. ಅವತ್ತೂ ಹಾಕಿದ್ದೆ, ತೆಗೆಯಲಿಲ್ಲ. ಬೇರೆ ಕ್ಯಾಮೆರಾ ಆಗಿದ್ದರೆ ಕಿಂಡಿಯಲ್ಲಿ ಕತ್ತಲೆ ಕಂಡು ಗೊತ್ತಾಗುತ್ತಿತ್ತು. ಇದರ ಕಿಂಡಿಗೂ ಲೆನ್ಸಿಗೂ ಸಂಬಂಧವೇ ಇಲ್ಲವಲ್ಲ! ಅವ್ವ ಬೆಳ್ಳಗೆ ಕಾಣುತ್ತಿದ್ದಳು, ನಾನು ಒತ್ತುತ್ತಿದ್ದೆ, ಒಳಗೆ ರೋಲಿಗೆ ಕತ್ತಲೆ ಹೋಗುತ್ತಿತ್ತು. ಮಾಮಾ ಹೇಳಿದಂತೆ ಸಂಭಾವಿತ ಕ್ಯಾಮೆರಾ ಬಾಯಿ ಬಿಡಲಿಲ್ಲ. ನಾನು ನೆಲದ ಮೇಲೆ ಕೂತು ನನ್ನನ್ನೇ ಹೊಲಸು ಹೊಲಸಾಗಿ ಬೈದುಕೊಂಡೆ.

ಮರುವಾರ ಊರಿಗೆ ಹೋದಾಗ ಅಕ್ಕ ಕೇಳಿದಳು. "ರೋಲ ಕೆಟ್ಟಿತ್ತು. ಹಳೇ ಮಾಲು ಕಟ್ಟಿದಾರ," ಎಂದುಬಿಟ್ಟೆ. ಎಷ್ಟು ಸಲೀಸಾಗಿ ಬಂತು ಸುಳ್ಳು! ಫೋಟೋದವ ಮುಚ್ಚಳ ತೆಗೆಯಲು ಮರೆತ ಎಂದರೆ ನಾಪಿತ ಕತ್ತರಿ ಮರೆತು ಕ್ಷೌರ ಮಾಡಿದ ಹಾಗೆ, ಊರೆಲ್ಲ ಆಡಿಕೊಂಡು ನಗುತ್ತದೆ. ನನಗೆ ಆಗ ಮೂವತ್ತೈದೂ ಆಗಿರಲಿಲ್ಲ, ಹೆಸರು ಕಟ್ಟಿಕೊಳ್ಳುವ ಕಾಲ. ಇನ್ನೊಮ್ಮೆ ಕೂಡಿಸಿ ತೆಗೆದರಾಯಿತು ಎಂದುಕೊಂಡೆ. ಅವ್ವ ಇನ್ನೊಮ್ಮೆ ಕೂಡಲಿಲ್ಲ. ಎರಡು ತಿಂಗಳಿಗೆ, ಮುಂಜಾನೆ ರೊಟ್ಟಿ ತಟ್ಟುತ್ತ ತಟ್ಟುತ್ತ ಹೋಗಿಬಿಟ್ಟಳು.

ಅಲ್ಲ, ತಪ್ಪು ಹೇಳಿದೆ. ಇನ್ನೊಮ್ಮೆ ಕೂತಳು. ನಮ್ಮಲ್ಲಿ ಸತ್ತವರನ್ನು ಮಲಗಿಸುವುದಿಲ್ಲ, ಕೂಡಿಸುತ್ತಾರೆ. ಗೋಡೆಗೆ ಆನಿಸಿ, ಬಟ್ಟೆ ಕಟ್ಟಿ, ಹಣೆ ತುಂಬ ವಿಭೂತಿ ಹಚ್ಚಿ, ಹೂ ಹಾಕಿ, ಬದುಕಿದ್ದಾಗಿನ ಹಾಗೆಯೇ ಕೂಡಿಸುತ್ತಾರೆ. ಮಕ್ಕಳು ಮೊಮ್ಮಕ್ಕಳು ಎರಡೂ ಬದಿಗೆ ನಿಂತು ಫೋಟೋ ತೆಗೆಸುತ್ತಾರೆ. ಎಷ್ಟೋ ಮಂದಿಗೆ ಜೀವಮಾನದ ಮೊದಲ ಫೋಟೋ ಅದೇ. ಹಾಗಾಗಿ ಸತ್ತ ಸುದ್ದಿ ಕ್ರಿಯೆ ಮಾಡಿಸುವ ಅಯ್ಯನವರಿಗೆ ಹೋಗುವ ಮೊದಲು ನನಗೆ ಬರುತ್ತಿತ್ತು. ಫೋಟೋದಲ್ಲಿ ಮುಚ್ಚಿದ ಕಣ್ಣನ್ನು ಆಮೇಲೆ ಸಣ್ಣ ಕುಂಚದಿಂದ ತೆರೆದಂತೆ ಬರೆಯಬೇಕು. ಅದಕ್ಕೆ ಕಣ್ಣು ತೆರೆಸುವುದು ಎನ್ನುತ್ತಿದ್ದೆವು. ಮನೆಯವರು ಬಂದು "ನಮ್ಮಪ್ಪನ ಕಣ್ಣ ತೆರಿಸಿ ಕೊಡ್ರಿ" ಎನ್ನುತ್ತಿದ್ದರು. ಆ ಕೆಲಸದಲ್ಲಿ ನನ್ನ ಕೈಗೆ ಸಮ ಬರುವವರು ಸುತ್ತಲಿನ ತಾಲೂಕಿನಲ್ಲೂ ಇರಲಿಲ್ಲ.

ಅವ್ವನ ಫೋಟೋ ಬೇರೆ ಯಾರು ತೆಗೆಯಬೇಕು? ನಾನೇ ತೆಗೆದೆ. ಮುಚ್ಚಳ ತೆಗೆದಿದೆಯೇ ಎಂದು ಮೂರು ಸಲ ಮುಟ್ಟಿ ನೋಡಿ ಫೋಟೋ ತೆಗೆದೆ. ಅಚ್ಚು ಹಾಕಿ, ಕುಂಚ ಹಿಡಿದು ಕೂತಾಗ ಅವ್ವನ ಕಣ್ಣು ಹೇಗಿದ್ದವೆಂದು ನೆನಪಾಗಲಿಲ್ಲ. ಆಣೆಯಾಗಿ ಹೇಳುತ್ತೇನೆ, ನೆನಪಾಗಲಿಲ್ಲ. ಕಂಡವರ ಕಣ್ಣನ್ನೆಲ್ಲ ಬರೆದವನಿಗೆ ತಾಯಿಯ ಕಣ್ಣು ಗೊತ್ತಿರಲಿಲ್ಲ. ಆ ಹೊತ್ತಿನ ನಾಚಿಕೆ ನನ್ನ ವೈರಿಗೂ ಬೇಡ. ಕಡೆಗೆ ಹಳೆಯ ನೆಗೆಟಿವ್ ಡಬ್ಬಿ ಹುಡುಕಿ, ಬ್ಯಾಂಕಿನ ಪುಸ್ತಕಕ್ಕೆಂದು ತೆಗೆದಿದ್ದ ಅಕ್ಕನ ಸಣ್ಣ ಫೋಟೋ ತೆಗೆದು ಮುಂದಿಟ್ಟುಕೊಂಡು, ಅವಳ ಕಣ್ಣನ್ನೇ ಅವ್ವನ ಮುಖಕ್ಕೆ ಬರೆದೆ. ಎಲ್ಲರೂ ಜೀವ ಬಂದಂತಿದೆ ಎಂದರು. ಅಕ್ಕ ಏನೂ ಅನ್ನಲಿಲ್ಲ.

ಊರಿನವರು ಇನ್ನೊಂದು ಮಾತು ಅಂದರು. ದಿನಕರ್ಮದ ಊಟಕ್ಕೆ ಬಂದ ಹೆಂಗಸರು ಗುಂಪು ಕೂತು, "ಇಷ್ಟ ದಿನಾ ಗಟ್ಟಿಮುಟ್ಟ ಇದ್ಲು. ಮೆಣಸಿನಕಾಯಿ ಕಣದಾಗ ಫೋಟೋ ತಗಸಿದ್ಲಂತ, ಎರಡ ತಿಂಗಳ ಬಾಳಲಿಲ್ಲ ನೋಡು," ಎಂದರು. ನನ್ನ ಕಿವಿಗೂ ಬಿತ್ತು, ಅಕ್ಕನ ಕಿವಿಗೂ ಬಿತ್ತು. ಫೋಟೋ ಬಿದ್ದೇ ಇಲ್ಲ, ಮುಚ್ಚಳ ಮುಚ್ಚಿತ್ತು ಎಂದು ಹೇಳಬಹುದಿತ್ತು. ಬಾಯಿಗೆ ಬಂದಿತ್ತು. ಹೇಳಿದರೆ ರೋಲು ಕೆಟ್ಟಿತ್ತೆಂಬ ಸುಳ್ಳು ಹೊರಗೆ ಬೀಳುತ್ತಿತ್ತು. ಮಂದಿಯ ಬಾಯಿಗೆ ಏನು, ನಾಲ್ಕು ದಿನ ಆಡಿ ಬಿಡುತ್ತಾರೆ ಎಂದು ಸುಮ್ಮನಾದೆ. ಅಂದಿನಿಂದ ಅಕ್ಕ ಕ್ಯಾಮೆರಾದ ಮುಂದೆ ಬರಲಿಲ್ಲ. ತನ್ನ ದೊಡ್ಡ ಮಗಳ ಮದುವೆಯಲ್ಲೂ ಒಲೆಯ ಕಡೆಗೇ ನಿಂತಿದ್ದಳು. ದುಃಖಕ್ಕೆ ಇರಬೇಕೆಂದು ನಾನೂ ಒತ್ತಾಯ ಮಾಡಲಿಲ್ಲ.

ಎರಡನೆಯ ಕ್ಯಾಮೆರಾ ಕೊಂಡದ್ದು ಅವ್ವ ಹೋದ ವರ್ಷವೇ. ಎಸ್‌ಎಲ್‌ಆರ್. ಅದರೊಳಗೆ ಕನ್ನಡಿ ಇರುತ್ತದೆ, ಲೆನ್ಸು ಕಂಡದ್ದನ್ನೇ ನಮಗೆ ತೋರಿಸುತ್ತದೆ. ಮುಚ್ಚಳ ಹಾಕಿದ್ದರೆ ಕತ್ತಲೆ. ಇದಕ್ಕಿಂತ ಪ್ರಾಮಾಣಿಕ ಯಂತ್ರ ಇಲ್ಲವೆಂದು ಮಾಮಾನದನ್ನು ಪೆಟ್ಟಿಗೆಗೆ ಹಾಕಿ ಇದನ್ನೇ ಕೊರಳಿಗೆ ಹಾಕಿಕೊಂಡೆ, ಹದಿನೈದು ವರ್ಷ ಅದರ ಅನ್ನ ಉಂಡೆ. ಆದರೆ ಪ್ರೀತಿ ಹುಟ್ಟಲಿಲ್ಲ. ಒತ್ತಿದ ಕೂಡಲೇ ಒಳಗಿನ ಕನ್ನಡಿ ಮೇಲಕ್ಕೆ ಹಾರಿ ಚಟಾರನೆ ಬಡಿಯುತ್ತದೆ. ಸತ್ತ ಮನೆಯಲ್ಲಿ ಆ ಸದ್ದಿಗೆ ಅಳುವವರು ಬೆಚ್ಚಿ ಅಳು ನಿಲ್ಲಿಸುತ್ತಿದ್ದರು. ಮತ್ತೆ ಕನ್ನಡಿ ಮೇಲೆ ಹಾರಿದ ಗಳಿಗೆಗೆ ಕಿಂಡಿ ಕಪ್ಪಾಗುತ್ತದೆ, ಯಾವ ಗಳಿಗೆಯ ಫೋಟೋ ತೆಗೆದೆನೋ ಆ ಒಂದು ಗಳಿಗೆಯನ್ನು ನಾನೇ ನೋಡಿರುವುದಿಲ್ಲ. ಸಾವಿರಗಟ್ಟಲೆ ಗಳಿಗೆ ಹಾಗೆ ನೋಡದೆ ಹೋದವು.

ಮೂರನೆಯದು ಡಿಜಿಟಲ್. ನವಲಗುಂದದಲ್ಲಿ ಶಾಲೆಯ ಟೀಚರ್ ಆಗಿರುವ ಮಗಳು ತನ್ನ ಪಗಾರದಲ್ಲಿ ಕೊಡಿಸಿದ್ದು. ಅದನ್ನು ಹೀಗಳೆಯಲಾರೆ. ನನ್ನ ಮಸುಕು ಕಣ್ಣಿನ ಹಂಗೂ ಅದಕ್ಕಿಲ್ಲ, ಎದುರಿನವರ ಮುಖ ತಾನೇ ಹುಡುಕಿ ತಾನೇ ಸ್ಪಷ್ಟ ಮಾಡುತ್ತದೆ. ತಪ್ಪಾಗಿದ್ದರೆ ಆಗಿಂದಾಗಲೇ ಗೊತ್ತಾಗುತ್ತದೆ. ಅದೇ ಅದರ ಪೀಡೆಯೂ ಹೌದು. ತೆಗೆದ ಕೂಡಲೇ ಎಲ್ಲರೂ ಬೆನ್ನ ಹಿಂದೆ ಬಂದು ಬೀಳುತ್ತಾರೆ. "ಅಯ್ಯ, ನನ್ನ ಹೊಟ್ಟಿ ಕಾಣತೈತ್ರಿ, ಅಳಸ್ರಿ," ಎನ್ನುತ್ತಾರೆ. "ಬಣ್ಣ ಬೆಳ್ಳಗ ಮಾಡ್ರಿ" ಎನ್ನುತ್ತಾರೆ. ಒಮ್ಮೆ ಹೆಣದ ಬದಿಗೆ ನಿಂತ ಮಗ, ಬಗ್ಗಿ ಪರದೆ ನೋಡಿ, ತನ್ನ ಕೂದಲು ಕೆದರಿದೆ, ಇನ್ನೊಂದು ತೆಗೆಯಿರಿ ಎಂದ. ಅವತ್ತು ಮನೆಗೆ ಬಂದವನೇ ಸ್ಟುಡಿಯೋ ಮುಚ್ಚುವ ಮಾತು ಮೊದಲ ಸಲ ಆಡಿದೆ.

ಹೀಗೆ ಮೂರೂ ಮಂಚದ ಮೇಲೆ. ತಲೆ ಉಪಯೋಗಿಸಿದರೆ ಡಿಜಿಟಲ್ ಒಯ್ಯಬೇಕು, ಮಾತೇ ಇಲ್ಲ. ಇದು ಕಡೆಯ ಅವಕಾಶ, ಅಕ್ಕನ ವಿಷಯದಲ್ಲೂ ತಪ್ಪಾದರೆ ನನ್ನ ಹಣೆಬರಹ ಮುಗಿಯಿತು. ಎಸ್‌ಎಲ್‌ಆರ್ ಎತ್ತಿ ನೋಡಿದೆ, ಬಲಗಣ್ಣಿಗೆ ಬರೀ ಹೊಗೆ, ಎಡಗಣ್ಣಿಗೆ ಹಿಡಿದರೆ ಗಾಜು ಮಬ್ಬು. ವಾಪಸ್ ಇಟ್ಟೆ. ಮಾಮಾನದನ್ನು ಎತ್ತಿ ಎಡಗಣ್ಣಿಗೆ ಹಿಡಿದೆ. ಮೂಗು ಕ್ಯಾಮೆರಾದ ಬೆನ್ನಿಗೆ ಒತ್ತಿ ನೋಯಿತು. ಆದರೆ ಕಿಂಡಿ ಇನ್ನೂ ಬೆಳ್ಳಗಿತ್ತು. ಅಡುಗೆಮನೆಯ ಬಾಗಿಲಲ್ಲಿ ನಿಂತ ಹೆಂಡತಿ ಎರಡಾಗಿ ಕಂಡಳು, ಬಳೆ ತಿರುಗಿಸಿದೆ, ಒಂದಾದಳು.

"ಫ್ರಿಜ್ಜಿನ್ಯಾಗ ಮೊಸರಿನ ಬಾಜು ನಿಮ್ಮ ರೋಲಿನ ಡಬ್ಬಿ ಐತಿ ನೋಡ್ರಿ. ಅದನ್ನೂ ಒಯ್ದ ಮುಗಸ್ರಿ. ನನಗ ಜಾಗಾ ಆದೀತು," ಎಂದಳು.

ಉಳಿದಿದ್ದ ಒಂದೇ ರೋಲು ಅದು. ಮಾಮಾನ ಕ್ಯಾಮೆರಾಕ್ಕೆ ತುಂಬಿದೆ. ಡಿಜಿಟಲ್ ಅನ್ನು ಚೀಲಕ್ಕೆ ಹಾಕಿದೆ, ಮಾಮಾನದನ್ನು ಕೊರಳಿಗೆ ಹಾಕಿಕೊಂಡೆ. ಒಂದು ಅಕ್ಕನಿಗೆ, ಒಂದು ನನಗೆ ಎಂದುಕೊಂಡೆ. ಬಸ್ಸು ಹೇಗೋ ಸಿಕ್ಕಿತು.

ಅಕ್ಕನ ಮನೆಯ ಅಂಗಳದಲ್ಲಿ ಮೆಣಸಿನಕಾಯಿ ಹರವಿತ್ತು. ದಾಟಿ ಒಳಗೆ ಹೋಗುವಷ್ಟರಲ್ಲಿ ಎರಡು ಸಲ ಸೀನಿದೆ. ಅಕ್ಕ ಪಡಸಾಲೆಯಲ್ಲಿ ತಯಾರಾಗಿ ಕೂತಿದ್ದಳು. ಇಳಕಲ್ ಸೀರೆ, ಹಣೆಗೆ ವಿಭೂತಿ, ತಲೆ ತುಂಬ ಸೆರಗು. ಇಳಿದು ಹೋಗಿದ್ದಳು. ತೋಳಿನಲ್ಲಿ ಬಳೆ ಮೊಣಕೈ ತನಕ ಜಾರುತ್ತಿದ್ದವು. ಅವಳ ತಲೆಯ ಮೇಲೆ ಗೋಡೆಯಲ್ಲಿ ಅವ್ವ ಕೂತಿದ್ದಳು, ಅಕ್ಕನ ಕಣ್ಣು ಬಿಟ್ಟುಕೊಂಡು.

"ಬಂದ್ಯಾ? ಚಾ ಆಮ್ಯಾಲೆ ಕುಡಿಯುವಂತಿ. ಮೊದಲ ಕೆಲಸಾ ಮುಗಸು, ನನಗ ಸೀರಿ ಭಾರ ಆಗೇತಿ," ಎಂದಳು.

ಕಿಟಕಿಯ ಬೆಳಕಿಗೆ ಸ್ಟೂಲು ಹಾಕಿ ಕೂಡಿಸಿದೆ. ಮೊದಲು ಡಿಜಿಟಲ್ ತೆಗೆದು ಐದಾರು ಹೊಡೆದೆ. ತೋರಿಸು ಎಂದಳು, ತೋರಿಸಿದೆ. ಪರದೆಯನ್ನು ದೂರ ಹಿಡಿದು, ಹತ್ತಿರ ಹಿಡಿದು ನೋಡಿದಳು.

"ಖರೇನ ನನಗ ಇಷ್ಟ ಸುಕ್ಕ ಅದಾವೇನೋ?"

"ಅದಾವ ಬೇ."

"ಇರಲಿ. ಗ್ವಾಡಿಗೆ ಇದು ಆತು. ಮಾಮಾಂದ ಕೊಳ್ಳಾಗ ಹಾಕ್ಕೊಂಡ ಬಂದೀಯಲ್ಲ, ಅದ್ರಾಗೂ ತಗಿ. ನೋಡೂಣು."

ಅವಳೇ ಕೇಳಿದ್ದು. ಎಡಗಣ್ಣಿಗೆ ಕ್ಯಾಮೆರಾ ಒತ್ತಿದೆ. ಕಿಂಡಿಯಲ್ಲಿ ಅಕ್ಕ ಬೆಳ್ಳಗೆ ಕಂಡಳು, ಇಬ್ಬರು ಅಕ್ಕಂದಿರು, ನಾಲ್ಕು ಕಣ್ಣು. ಬಳೆ ತಿರುಗಿಸುತ್ತ ಬಂದೆ. ಮೂಗು ಮೂಗಿನ ಮೇಲೆ ಬಂದು ಕೂತಿತು. ಕಣ್ಣು ಕಣ್ಣಿನ ಮೇಲೆ ಕೂತವು. ಉಸಿರು ಹಿಡಿದು ಬೆರಳು ಗುಂಡಿಯ ಮೇಲಿಟ್ಟೆ.

"ತಡಿ," ಎಂದಳು ಅಕ್ಕ. "ಮೊದಲ ಮುಚ್ಚಳ ತಗಿ."

ಕೈ ಮುಂದೆ ಹೋಯಿತು. ಬೆರಳಿಗೆ ಗಾಜು ಹತ್ತಲಿಲ್ಲ. ಅಂಗಳದ ಮೆಣಸಿನಕಾಯಿ ಕಂಡ ಕೂಡಲೇ ನನ್ನ ಕೈ ಹಳೆಯ ರೂಢಿಯಂತೆ ನನ್ನನ್ನು ಕೇಳದೆ ಮುಚ್ಚಳ ಹಾಕಿತ್ತು.

ನಾನು ಕ್ಯಾಮೆರಾ ಇಳಿಸಿದೆ. "ನಿನಗ ಹೆಂಗ ಗೊತ್ತು ಅಕ್ಕಾ ಅದು ಮುಚ್ಚಳ ಅಂತ?"

"ಆವತ್ತೂ ಇತ್ತಲ್ಲ," ಎಂದಳು.

ಮಳೆ ಬಿಸಿಲಿನ ಮಾತಾಡಿದ ಹಾಗೆ ಅವಳೇ ಹೇಳಿದಳು.

"ಆವತ್ತ ನನಗೂ ಗೊತ್ತಿರಲಿಲ್ಲ. ಕ್ಯಾಮೆರಾದ ಮಾರಿ ಕರ್ರಗ ಇರತೈತಿ ಅಂತ ತಿಳಕೊಂಡಿದ್ದೆ. ದೊಡ್ಡಾಕಿ ಲಗ್ನದಾಗ ನೀ ಬ್ಯಾರೇ ಕ್ಯಾಮೆರಾ ತಂದಿದ್ದಿ. ಅಂಥಾದ ಒಂದ ಕರೇ ಮುಚ್ಚಳ ಬಿಚ್ಚಿ ಅಂಗಿ ಕಿಸೆದಾಗ ಇಟ್ಟಿ, ಒಳಗ ಗಾಜ ಹೊಳೀತು. ಒಲಿ ಮುಂದ ನಿಂತ ನೋಡಿದೆ. ಆವಾಗ ತಿಳೀತು."

"ಅಂದ್ರ ಇಷ್ಟ ವರ್ಷ ಗೊತ್ತಿದ್ದೂ ನನಗ ಬೈಲಿಲ್ಲಲ್ಲ ಬೇ."

"ಬೈಯೂದ ಯಾಕ? ನನಗ ಜೀವಾ ಬಂದಾಂಗ ಆಗಿತ್ತು." ಅಕ್ಕ ಗೋಡೆಯ ಕಡೆಗೆ ನೋಡಿದಳು. "ಒಲ್ಲೆ ಒಲ್ಲೆ ಅನ್ನಾಕಿನ್ನ ಹೆಗಲ ಒತ್ತಿ ಹಿಡದ ಕುಂದ್ರಿಸಿದಾಕಿ ನಾನು. ಮಂದಿ ಅಂದದ್ದನ್ನ ನಾನೂ ನಂಬಿದ್ದೆ ತಮ್ಮಾ. ಅವ್ವನ ಆಯುಷ್ಯಾ ನಾನ ತಿಂದೆ ಅಂತ ಒಂಬತ್ತ ವರ್ಷ ತುತ್ತ ಗಂಟಲದಾಗ ಇಳೀಲಿಲ್ಲ. ಮುಚ್ಚಳ ಇತ್ತಂದ್ರ ಫೋಟೋ ಬಿದ್ದಿಲ್ಲ. ಫೋಟೋ ಬಿದ್ದಿಲ್ಲಂದ್ರ ಅವ್ವ ನನ್ನಿಂದ ಹೋಗಿಲ್ಲ. ಆವತ್ತ ಲಗ್ನದ ಊಟ ಹೊಟ್ಟಿ ತುಂಬ ಉಂಡೆ."

"ಆಮ್ಯಾಲೂ ನೀ ಫೋಟೋಕ್ಕ ಬರಲಿಲ್ಲಲ್ಲ."

"ನೀ ಬಂದ ಹೇಳತಿ ಅಂತ ಕುಂತಿದ್ದೆ," ಎಂದಳು.

ಒಂಬತ್ತು ವರ್ಷ. ನನ್ನನ್ನು ಸೊಂಟದ ಮೇಲೆ ಹೊತ್ತು ಬೆಳೆಸಿದವಳು ಒಂಬತ್ತು ವರ್ಷ ತಾಯಿಯನ್ನು ಕೊಂದವಳೆಂದು ತಿಳಿದುಕೊಂಡು ಒಲೆಯ ಮುಂದೆ ನಿಂತಳು. ಅದನ್ನು ಇಳಿಸಲು ನಾನು ಒಂದು ಮಾತು ಹೇಳಿದ್ದರೆ ಸಾಕಿತ್ತು. ಮುಚ್ಚಳ ತೆಗೆದಿರಲಿಲ್ಲ ಅಕ್ಕಾ, ಇಷ್ಟೇ. ನಗುತ್ತಿದ್ದರು ನಾಲ್ಕು ಮಂದಿ, ನಕ್ಕರೆ ನನ್ನ ಗಂಟೇನು ಹೋಗುತ್ತಿತ್ತು! ನಾನು ನನ್ನ ಗುಟ್ಟು ಕಾಯ್ದುಕೊಂಡು ಕೂತೆ, ಅದರ ನೋವು ನನಗೊಬ್ಬನಿಗೇ ಎಂದು ನನಗೆ ನಾನೇ ಮರುಗುತ್ತ ಕೂತೆ.

"ತಪ್ಪಾತ ಅಕ್ಕಾ," ಎಂದೆ. ಚಿಕ್ಕವನ ಹಾಗೆ ಅತ್ತೆ.

"ಆತ ಬಿಡು. ಅಳಬ್ಯಾಡಲೇ, ಇದ್ದ ಒಂದ ಕಣ್ಣೂ ಮಸಕ ಆದೀತು. ಆಮ್ಯಾಲೆ ನನ್ನ ಫೋಟೋ ಯಾಂವ ತಗೀಬೇಕು?" ಎಂದು ಕೈ ಚಾಚಿದಳು. "ಅದನ್ನ ಇಲ್ಲಿ ಕೊಡು. ನಿನ್ನ ಹಂತ್ಯಾಕ ಇದ್ರ ಮತ್ತ ಹಾಕತಿ."

ಮುಚ್ಚಳ ತೆಗೆದು ಅವಳ ಅಂಗೈಯಲ್ಲಿಟ್ಟೆ. ಮುಷ್ಟಿ ಮುಚ್ಚಿ ತೊಡೆಯ ಮೇಲಿಟ್ಟುಕೊಂಡಳು. ನಾನು ಕಣ್ಣೊರೆಸಿಕೊಂಡು ಕ್ಯಾಮೆರಾ ಎತ್ತಿದೆ. ರೋಲು ಮುಗಿಯುವ ತನಕ ತೆಗೆದೆ. ಪ್ರತಿ ಸಲ ಒತ್ತಿದಾಗಲೂ ಅವಳು ಕಿಂಡಿಯಲ್ಲಿ ಇದ್ದಳು. ನಕ್ಕಾಗ ಅವಳ ಕಣ್ಣು ಸಣ್ಣವಾಗುತ್ತವೆ. ಈಗ ಖಾತ್ರಿಯಾಗಿ ಹೇಳಬಲ್ಲೆ.

ಮರುದಿನ ಮನೆಯ ಬಚ್ಚಲಲ್ಲೇ ರೋಲು ತೊಳೆದೆ. ಮೂವತ್ತಾರೂ ಬಂದಿವೆ. ಒಂದೆರಡರಲ್ಲಿ ಮುಖ ಚೂರು ಮಬ್ಬಾಗಿದೆ, ಎಡಗಣ್ಣಿಗೆ ಇನ್ನೂ ರೂಢಿಯಿಲ್ಲ. ಹೆಂಡತಿ ಒಂದು ಅಚ್ಚನ್ನು ಬೆಳಕಿಗೆ ಹಿಡಿದು ನೋಡಿ, "ಎಲ್ಲಾ ಚಲೋ ಬಂದಾವ್ರಿ. ಅಕ್ಕಾರ ಕೈಯಾಗ ಏನ ಹಿಡಕೊಂಡಾರ?" ಎಂದು ಕೇಳಿದಳು.

ಹೇಳಿದೆ.